ಮಕ್ಕಳಿಗೆ ಕೊಟ್ಟ ಮಾತಿಗೆ ಅವಧಿ ಎಷ್ಟು?

ಅಂಗಡಿ ಮುಚ್ಚುವ ಹಕ್ಕು ಅಂಗಡಿಯವನಿಗಿದೆ. ನಷ್ಟವಾದರೆ ಮುಚ್ಚುತ್ತಾನೆ, ಬೇರೆ ಊರಿನಲ್ಲಿ ಹೆಚ್ಚು ಲಾಭ ಕಂಡರೆ ಅಲ್ಲಿಗೆ ಹೋಗುತ್ತಾನೆ. ಬಾಕಿ ಚುಕ್ತಾ ಮಾಡಿ, ಕೆಲಸದವರ ಸಂಬಳ ಕೊಟ್ಟು ಹೋದರೆ ಅವನನ್ನು ಯಾರೂ ದೂರುವುದಿಲ್ಲ. ಆದರೆ ಅವನು ಮಾರುತ್ತಿದ್ದ ಸರಕು ಅಕ್ಕಿ, ಬೇಳೆ, ಬಟ್ಟೆಯಾಗಿರದೆ ಮಕ್ಕಳ ನಗುವಾಗಿದ್ದರೆ? ಇದು ನಿಮ್ಮದೇ ಜಾಗ, ದೊಡ್ಡವರ ಮಾತು ಇಲ್ಲಿ ನಡೆಯದು ಎಂಬ ಭರವಸೆ ಕೊಟ್ಟು ಮಕ್ಕಳ ಮನಸ್ಸು ಗೆದ್ದವನು, ಹದಿನೈದು ವರ್ಷಗಳ ನಂತರ ಬಾಗಿಲು ಹಾಕಿಕೊಂಡು ಹೊರಟರೆ? ಆಗಲೂ ಬಾಕಿಯೆಲ್ಲ ಚುಕ್ತಾ ಆಯಿತು ಎನ್ನಬಹುದೇ?

ಇದು ಬರೀ ಕಾಲ್ಪನಿಕ ಪ್ರಶ್ನೆಯಲ್ಲ. ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲ್ಯಾಂಡೊದಲ್ಲಿ 1990ರ ಜೂನ್ 7ರಂದು ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಬೃಹತ್ ಮನರಂಜನಾ ಉದ್ಯಾನ ತೆರೆಯಿತು. ಅದರೊಳಗೆ ಮಕ್ಕಳಿಗಾಗಿಯೇ ಒಂದು ಜಾಗವಿತ್ತು. ಅದರ ಹೆಸರು ನಿಕಲೋಡಿಯನ್ ಸ್ಟುಡಿಯೋಸ್. ಒಂದು ಮಕ್ಕಳ ಟಿ.ವಿ. ಚಾನೆಲ್ ತನ್ನ ಕಾರ್ಯಕ್ರಮಗಳನ್ನು ನಿಜವಾಗಿ ಚಿತ್ರೀಕರಿಸುತ್ತಿದ್ದ ಸ್ಟುಡಿಯೋ ಅದು. ಉದ್ಯಾನಕ್ಕೆ ಬಂದ ಮಕ್ಕಳು ಒಳಗೆ ಹೋಗಿ ಅದನ್ನು ನೋಡಬಹುದಾಗಿತ್ತು, ಅದೃಷ್ಟವಿದ್ದರೆ ಭಾಗವಹಿಸಲೂಬಹುದಾಗಿತ್ತು. ಒಂದು ತಲೆಮಾರಿನ ಅಮೆರಿಕನ್ ಮಕ್ಕಳಿಗೆ ಅದು ಕನಸಿನ ಊರು. 2005ರ ಏಪ್ರಿಲ್ 30ರಂದು ಅದು ಮುಚ್ಚಿತು.

ಏಳು ಸಮುದ್ರದಾಚೆಯ ಒಂದು ಸ್ಟುಡಿಯೋ ಮುಚ್ಚಿದರೆ ನಮಗೇನು ಎಂದು ಕೇಳಬಹುದು. ಅದೇ ಚಾನೆಲ್ 1999ರಲ್ಲಿ ಭಾರತಕ್ಕೂ ಬಂತು. ಅದರ ಕಾರ್ಟೂನುಗಳ ಮುಂದೆ ನಮ್ಮ ಮಕ್ಕಳೂ ಅನ್ನದ ತಟ್ಟೆ ಹಿಡಿದು ಕುಳಿತಿದ್ದಾರೆ. ಇಂದು ನಮ್ಮ ಫ್ಯಾನ್ಸಿ ಅಂಗಡಿಗಳಲ್ಲಿ ಪುಟ್ಟ ಡಬ್ಬಿಗಳಲ್ಲಿ ಮಾರುವ 'ಸ್ಲೈಮ್' ಎಂಬ ಬಣ್ಣದ ಲೋಳೆಯನ್ನು ಜಗತ್ತಿನ ಮಕ್ಕಳ ಆಸೆಯ ವಸ್ತುವನ್ನಾಗಿ ಮಾಡಿದ್ದರಲ್ಲಿ ಆ ಚಾನೆಲ್ಲಿನ ಪಾಲು ದೊಡ್ಡದು. ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಬೇರೆ. ಮಗುವಿನ ಪ್ರೀತಿಯನ್ನು ಬಂಡವಾಳ ಮಾಡಿಕೊಂಡವನು ಮಗುವಿಗೆ ಏನನ್ನು ಕೊಡಬೇಕಾಗುತ್ತದೆ ಎಂಬ ಪ್ರಶ್ನೆ ಎಲ್ಲ ಊರಿನದ್ದೂ ಹೌದು.

ಐದು ಸೆಂಟಿನ ಹೆಸರು

ನಿಕಲೋಡಿಯನ್ ಎಂಬ ಹೆಸರಿನಲ್ಲೇ ಹಣದ ಸದ್ದಿದೆ. ಅಮೆರಿಕದಲ್ಲಿ ಐದು ಸೆಂಟಿನ ನಾಣ್ಯಕ್ಕೆ ನಿಕಲ್ ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ನಿಕಲ್ ಕೊಟ್ಟರೆ ಸಣ್ಣ ಸಿನಿಮಾ ತೋರಿಸುವ ಮಂದಿರಗಳು ಅಲ್ಲಿ ಬೀದಿಬೀದಿಯಲ್ಲಿ ಹುಟ್ಟಿಕೊಂಡವು. ಬಡ ಕೂಲಿಕಾರರು, ವಲಸಿಗರು, ಮಕ್ಕಳು ಅಲ್ಲಿ ತುಂಬಿರುತ್ತಿದ್ದರು. ಆ ಹಳೆಯ ಚಿತ್ರಮಂದಿರಗಳ ಹೆಸರನ್ನೇ ಮಕ್ಕಳ ಕೇಬಲ್ ಚಾನೆಲ್ಲಿಗೆ ಇಟ್ಟರು. ಅದು ಆ ಹೆಸರಿನಲ್ಲಿ ಪ್ರಸಾರ ಆರಂಭಿಸಿದ್ದು 1979ರ ಏಪ್ರಿಲ್ 1ರಂದು.

ಮೊದಲ ಕೆಲವು ವರ್ಷ ಆ ಚಾನೆಲ್ಲಿನಲ್ಲಿ ಜಾಹೀರಾತುಗಳಿರಲಿಲ್ಲ. ಮಕ್ಕಳಿಗೆ 'ಒಳ್ಳೆಯದು' ಎಂದು ದೊಡ್ಡವರು ಭಾವಿಸಿದ ಕಾರ್ಯಕ್ರಮಗಳು ಅದರಲ್ಲಿ ಬರುತ್ತಿದ್ದವು. ಮಕ್ಕಳು ನೋಡಲಿಲ್ಲ, ಹಣವೂ ಹುಟ್ಟಲಿಲ್ಲ. ಎಂಬತ್ತರ ದಶಕದ ಮಧ್ಯದಲ್ಲಿ ಜೆರಾಲ್ಡಿನ್ ಲೇಬೋರ್ನ್ ಎಂಬ ಮಹಿಳೆಯ ನೇತೃತ್ವದಲ್ಲಿ ಚಾನೆಲ್ ತನ್ನ ದಾರಿ ಬದಲಿಸಿತು. ಮಕ್ಕಳಿಗೆ ಏನು ಒಳ್ಳೆಯದು ಎಂದು ಕೇಳುವ ಬದಲು ಮಕ್ಕಳು ಜಗತ್ತನ್ನು ಹೇಗೆ ನೋಡುತ್ತಾರೆ ಎಂದು ಕೇಳಿತು. ಮಕ್ಕಳದೊಂದು ಪಕ್ಷ, ದೊಡ್ಡವರದೊಂದು ಪಕ್ಷ. ಚಾನೆಲ್ ಮಕ್ಕಳ ಪಕ್ಷ ಎಂಬುದು ಅದರ ಧೋರಣೆಯಾಯಿತು. ಜಾಹೀರಾತುಗಳು ಬಂದದ್ದೂ ಇದೇ ಕಾಲದಲ್ಲಿ. ಮಕ್ಕಳ ಪಕ್ಷ ಹಿಡಿದದ್ದೂ, ಮಕ್ಕಳನ್ನು ಗಿರಾಕಿಗಳನ್ನಾಗಿ ಎಣಿಸತೊಡಗಿದ್ದೂ ಒಟ್ಟಿಗೇ ನಡೆದವು. ಇದನ್ನು ಮೋಸ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ವಿಷಯ ಅಷ್ಟು ಸರಳವಾಗಿಲ್ಲ.

ಏಕೆಂದರೆ ಅಲ್ಲಿ ನಿಜವಾಗಿಯೂ ಒಳ್ಳೆಯದು ಇತ್ತು. ಆ ಚಾನೆಲ್ಲಿನ ಹಸಿರು ಲೋಳೆಯ ಕಥೆಯನ್ನೇ ನೋಡಿ. ಅದು ಮೊದಲು ಬಂದದ್ದು ಕೆನಡಾದ ಒಟ್ಟಾವಾದಲ್ಲಿ ತಯಾರಾಗುತ್ತಿದ್ದ ಒಂದು ಮಕ್ಕಳ ಹಾಸ್ಯ ಕಾರ್ಯಕ್ರಮದಿಂದ. ಅದರಲ್ಲಿ ಯಾವ ಹುಡುಗ ಅಥವಾ ಹುಡುಗಿ 'ನನಗೆ ಗೊತ್ತಿಲ್ಲ' ಎಂದರೂ ಮೇಲಿಂದ ಬಕೆಟ್ಟುಗಟ್ಟಲೆ ಹಸಿರು ಲೋಳೆ ತಲೆಯ ಮೇಲೆ ಸುರಿಯುತ್ತಿತ್ತು. ಯೋಚಿಸಿ, 'ಗೊತ್ತಿಲ್ಲ' ಎಂಬುದು ಮಗುವಿನ ಬದುಕಿನಲ್ಲಿ ಅತ್ಯಂತ ಭಯದ ಮಾತು. ಶಾಲೆಯಲ್ಲಿ ಆ ಮಾತಿಗೆ ಬೆತ್ತವೋ ಅವಮಾನವೋ ಕಾದಿರುತ್ತದೆ. ಇಲ್ಲಿ ಅದೇ ಮಾತಿಗೆ ಸಿಗುತ್ತಿದ್ದುದು ಎಲ್ಲರ ನಗು, ಚಪ್ಪಾಳೆ. ಬಟ್ಟೆ ಕೊಳೆ ಮಾಡಿಕೊಂಡರೆ ಬೈಗುಳ ತಿನ್ನುವ ಮಗುವಿಗೆ, ಕೊಳೆಯಾಗುವುದೇ ಬಹುಮಾನವಾಗುವ ಜಾಗವೊಂದು ಜಗತ್ತಿನಲ್ಲಿದೆ ಎಂದು ತಿಳಿದರೆ ಎಷ್ಟು ಹಗುರವಾಗಬಹುದು!

ಗಾಜಿನಾಚೆಯ ಜಗತ್ತು

ಒರ್ಲ್ಯಾಂಡೊದ ಸ್ಟುಡಿಯೋ ಆ ಭಾವನೆಗೆ ಗೋಡೆ, ಬಾಗಿಲು, ವಿಳಾಸ ಕೊಟ್ಟಿತು. ಕಟ್ಟಡದ ಎದುರು ಹಸಿರು ಲೋಳೆ ಚಿಮ್ಮುವ ದೊಡ್ಡ ಬುಗ್ಗೆಯೊಂದು ನಿಂತಿತ್ತು. ಅದು ಆಗಾಗ ಗುಡುಗುಡು ಸದ್ದು ಮಾಡಿ ಮೇಲಕ್ಕೆ ಉಕ್ಕುತ್ತಿತ್ತು. ಮಕ್ಕಳು ಸಾಲಿನಲ್ಲಿ ನಿಂತು ಒಳಗೆ ಹೋಗುತ್ತಿದ್ದರು. ಎತ್ತರದ ಓಣಿಗಳಲ್ಲಿ ನಡೆಯುತ್ತ ಗಾಜಿನ ಕಿಟಕಿಗಳಿಂದ ಕೆಳಗಿನ ಚಿತ್ರೀಕರಣ ವೇದಿಕೆಗಳನ್ನು ನೋಡುತ್ತಿದ್ದರು. ಲೋಳೆ ತಯಾರಾಗುವ 'ಅಡುಗೆಮನೆ'ಯನ್ನೂ ಅವರಿಗೆ ತೋರಿಸಲಾಗುತ್ತಿತ್ತು. ಕೊನೆಗೆ ಆಟದ ಕೋಣೆ. ಅಲ್ಲಿ ಬಂದವರ ನಡುವಿನಿಂದಲೇ ಕೆಲವರನ್ನು ಆರಿಸಿ ಆಟವಾಡಿಸಿ, ಒಂದು ಮಗುವಿನ ತಲೆಗೆ ಲೋಳೆ ಸುರಿಯುತ್ತಿದ್ದರು. ಆ ಮಗು ಊರಿಗೆ ಹೋಗಿ ಇದನ್ನು ವರ್ಷಗಟ್ಟಲೆ ಹೇಳಿಕೊಂಡಿರಬೇಕು.

ಅಲ್ಲಿ ಚಿತ್ರೀಕರಣವಾದ ಕಾರ್ಯಕ್ರಮಗಳೂ ಬರೀ ಗದ್ದಲದವಲ್ಲ. 1991ರಲ್ಲಿ ಆರಂಭವಾದ 'ಕ್ಲಾರಿಸಾ ಎಕ್ಸ್‌ಪ್ಲೇನ್ಸ್ ಇಟ್ ಆಲ್' ಎಂಬ ಧಾರಾವಾಹಿಯ ಕೇಂದ್ರದಲ್ಲಿ ಒಬ್ಬ ಹದಿಹರೆಯದ ಹುಡುಗಿ ಇದ್ದಳು. ಹುಡುಗಿ ನಾಯಕಿಯಾದರೆ ಹುಡುಗರು ನೋಡುವುದಿಲ್ಲ ಎಂಬ ಆ ಕಾಲದ ಟಿ.ವಿ. ಉದ್ಯಮದ ನಂಬಿಕೆಯನ್ನು ಅದು ಸುಳ್ಳು ಮಾಡಿತು. 1994ರಲ್ಲಿ ಬಂದ 'ಗಲ್ಲಾ ಗಲ್ಲಾ ಐಲ್ಯಾಂಡ್' ಪುಟ್ಟ ಮಕ್ಕಳಿಗಾಗಿ ಮಾಡಿದ್ದು. ದಕ್ಷಿಣ ಕೆರೊಲಿನಾದ ಕಡಲತೀರದಲ್ಲಿ ಗುಲಾಮಗಿರಿಯ ಕಾಲದಿಂದ ತಮ್ಮ ಭಾಷೆ, ಅಡುಗೆ, ಹಾಡುಗಳನ್ನು ಉಳಿಸಿಕೊಂಡು ಬಂದ ಗಲ್ಲಾ ಎಂಬ ಕಪ್ಪು ಜನಾಂಗದ ಒಂದು ಸುಖೀ ಸಂಸಾರದ ಕಥೆ ಅದು. ಕಪ್ಪು ಮಕ್ಕಳಿಗೆ ಪರದೆಯ ಮೇಲೆ ತಮ್ಮ ಮನೆಯಂಥ ಮನೆ ಕಾಣಿಸಿತು. ಬಿಳಿಯ ಮಕ್ಕಳಿಗೆ ಪಕ್ಕದ ಮನೆ ಕಾಣಿಸಿತು. ಲಾಭದ ಆಸೆಯಿಂದ ಕಟ್ಟಿದ ಸ್ಟುಡಿಯೋದಿಂದ ಇಂಥದ್ದೂ ಹೊರಟಿತು ಎಂಬುದನ್ನು ಒಪ್ಪಿಕೊಳ್ಳದೆ ನಾವು ನ್ಯಾಯವಾಗಿ ಮಾತನಾಡಲಾರೆವು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದೇ 1990ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮಕ್ಕಳ ಟಿ.ವಿ.ಗೆ ಸಂಬಂಧಿಸಿದ ಕಾನೂನೊಂದು ಜಾರಿಯಾಯಿತು. ಮಕ್ಕಳ ಕಾರ್ಯಕ್ರಮಗಳ ನಡುವೆ ಜಾಹೀರಾತು ವಾರಾಂತ್ಯದಲ್ಲಿ ಗಂಟೆಗೆ ಹತ್ತೂವರೆ ನಿಮಿಷ, ಉಳಿದ ದಿನಗಳಲ್ಲಿ ಹನ್ನೆರಡು ನಿಮಿಷ ಮೀರಬಾರದು ಎಂದು ಅದು ಹೇಳಿತು. ಕಾನೂನು ನಿಮಿಷಗಳನ್ನು ಎಣಿಸಬಲ್ಲದು. ಆದರೆ ಒಂದು ಇಡೀ ಕಟ್ಟಡವೇ ಚಾನೆಲ್ಲಿನ ಜಾಹೀರಾತಾದಾಗ, ಕೇಕೆ ಹಾಕುವ ಮಗುವೇ ಆ ಜಾಹೀರಾತಿನ ಮಾದರಿಯಾದಾಗ ಅದನ್ನು ಅಳೆಯುವ ಗಡಿಯಾರ ಯಾವ ಕಾನೂನಿನ ಬಳಿಯೂ ಇಲ್ಲ. ಮಗುವಿಗೆ ಅಲ್ಲಿ ಸಿಕ್ಕಿದ್ದು ಸಂತೋಷ. ಮಗು ಅಲ್ಲಿ ಬಿಟ್ಟು ಬಂದದ್ದು ತನ್ನ ಮುಖ, ನಗು, ಸಮಯ ಮತ್ತು ಮುಂದಿನ ಹತ್ತು ವರ್ಷಗಳ ನಿಷ್ಠೆ. ಇದು ಕೊಡುಕೊಳ್ಳುವ ವ್ಯವಹಾರವೇ. ಆದರೆ ವ್ಯವಹಾರ ಎಂದು ಗೊತ್ತಿದ್ದದ್ದು ಒಂದು ಕಡೆಯವರಿಗೆ ಮಾತ್ರ.

ಬೆಳೆಯದ ಮಕ್ಕಳು

ಹಾಗಾದರೆ ಸ್ಟುಡಿಯೋ ಮುಚ್ಚಿದ್ದೇಕೆ? ಜನ ಬರಲಿಲ್ಲ, ಮಕ್ಕಳಿಗೆ ಬೇಡವಾಯಿತು ಎಂದುಕೊಂಡರೆ ಅದು ಅರ್ಧ ಸತ್ಯ. ಎಂಬತ್ತರ ದಶಕದ ಕೊನೆಯಲ್ಲಿ ಫ್ಲೋರಿಡಾವನ್ನು ಪೂರ್ವದ ಹಾಲಿವುಡ್ ಮಾಡುವ ದೊಡ್ಡ ಕನಸೊಂದು ಇತ್ತು. ಡಿಸ್ನಿ ಕಂಪೆನಿಯೂ 1989ರಲ್ಲಿ ಅದೇ ಊರಿನ ಬಳಿ ಸ್ಟುಡಿಯೋ ಉದ್ಯಾನ ತೆರೆದು ಅಲ್ಲಿ ಕಾರ್ಟೂನ್ ಚಿತ್ರಗಳನ್ನು ತಯಾರಿಸುವ ಕಲಾವಿದರನ್ನು ಕೂರಿಸಿತ್ತು. ಆದರೆ ಬರೆಯುವವರು, ನಟರು, ನಿರ್ಧಾರ ಮಾಡುವವರು ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕಿನಲ್ಲಿಯೇ ಉಳಿದರು. ನಿಕಲೋಡಿಯನ್ನಿನ ಒಡೆಯನಾದ ವಯಾಕಾಂ 1994ರಲ್ಲಿ ಪ್ಯಾರಾಮೌಂಟ್ ಕಂಪೆನಿಯನ್ನು ಕೊಂಡಿತು. ಒರ್ಲ್ಯಾಂಡೊದಲ್ಲಿ ಹುಟ್ಟಿದ ಕೆಲವು ಜನಪ್ರಿಯ ಕಾರ್ಯಕ್ರಮಗಳೇ ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಲಾಸ್ ಏಂಜಲೀಸಿಗೆ ಸ್ಥಳಾಂತರಗೊಂಡವು. ಡಿಸ್ನಿಯ ಫ್ಲೋರಿಡಾ ಕಾರ್ಟೂನ್ ಸ್ಟುಡಿಯೋ ಕೂಡ 2004ರಲ್ಲಿ ಮುಚ್ಚಿತು.

ಇದಕ್ಕಿಂತ ಆಳವಾದ ಇನ್ನೊಂದು ಕಾರಣವೂ ಇದೆ. 1998ರಲ್ಲಿ ಚಾನೆಲ್ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನಲ್ಲಿ ತನ್ನ ಕಾರ್ಟೂನ್ ಸ್ಟುಡಿಯೋ ತೆರೆಯಿತು. ಮರುವರ್ಷ 'ಸ್ಪಾಂಜ್‌ಬಾಬ್' ಬಂದು ಜಗತ್ತನ್ನೇ ಗೆದ್ದಿತು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಕಾರ್ಟೂನ್ ಪಾತ್ರ ಜೀವಂತ ಮಗುವಿಗಿಂತ ಬಹಳ ಅನುಕೂಲ. ಅದಕ್ಕೆ ಹಸಿವಿಲ್ಲ, ಶಾಲೆಯಿಲ್ಲ, ಧ್ವನಿ ಒಡೆಯುವುದಿಲ್ಲ. ಅದು ಎಂದೂ ಬೆಳೆದು ದೊಡ್ಡದಾಗುವುದಿಲ್ಲ. ಅದರ ಚಿತ್ರವನ್ನು ಚೀಲದ ಮೇಲೆ, ಚಡ್ಡಿಯ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚು ಹಾಕಬಹುದು. ಯಾವ ಭಾಷೆಯಲ್ಲಿ ಬೇಕಾದರೂ ಮಾತನಾಡಿಸಬಹುದು. 2003ರಲ್ಲಿ ಅದೇ ಉದ್ಯಾನದಲ್ಲಿ, ಅದೇ ಚಾನೆಲ್ಲಿನ ಕಾರ್ಟೂನ್ ಪಾತ್ರಗಳ ಹೊಸ ಸವಾರಿಯೊಂದು ಶುರುವಾಯಿತು. ಅಷ್ಟು ಹೊತ್ತಿಗೆ ಸ್ಟುಡಿಯೋದಲ್ಲಿ ಮೊದಲಿನ ಸಡಗರ ಉಳಿದಿರಲಿಲ್ಲ. ಟಿ.ವಿ. ಹೇಗೆ ತಯಾರಾಗುತ್ತದೆ ಎಂದು ನೋಡಲು ಬಂದ ಮಕ್ಕಳಿಗೆ ತೋರಿಸಲು ಅಲ್ಲಿ ಟಿ.ವಿ.ಯೇ ಹೆಚ್ಚಾಗಿ ತಯಾರಾಗುತ್ತಿರಲಿಲ್ಲ. ಬಾಗಿಲು ಮುಚ್ಚುವ ಮೊದಲೇ ಒಳಗಿನ ಜೀವ ಹೊರಟುಹೋಗಿತ್ತು.

ಮುಚ್ಚಿದ ಎರಡು ವರ್ಷಗಳ ನಂತರ ಅದರ ಒಂದು ವೇದಿಕೆ ಬ್ಲೂ ಮ್ಯಾನ್ ಗ್ರೂಪ್ ಎಂಬ ತಂಡದ ರಂಗಮಂದಿರವಾಯಿತು. ಆ ಪ್ರದರ್ಶನವೂ 2021ರಲ್ಲಿ ಶಾಶ್ವತವಾಗಿ ನಿಂತಿತು. ಮನರಂಜನೆಯ ಲೋಕದಲ್ಲಿ ಯಾವ ಜಾಗಕ್ಕೂ ನೆನಪಿನ ಶಕ್ತಿ ಇರುವುದಿಲ್ಲ. ನೆನಪಿಟ್ಟುಕೊಳ್ಳುವ ಕೆಲಸ ಬರೀ ಮನುಷ್ಯರದ್ದು.

ಐವತ್ತು ವರ್ಷದ ಮಾತು

ಇಲ್ಲಿಯವರೆಗಿನದು ವ್ಯಾಪಾರದ ಕಥೆ. ನೈತಿಕ ಪ್ರಶ್ನೆ ಮೊನಚಾಗುವುದು ಇನ್ನೊಂದು ಘಟನೆಯಲ್ಲಿ. 1992ರ ಏಪ್ರಿಲ್ 30ರಂದು ಆ ಸ್ಟುಡಿಯೋದ ಅಂಗಳದಲ್ಲಿ ಒಂದು ಕಾಲಪೆಟ್ಟಿಗೆಯನ್ನು ಹೂತರು. ಅದರಲ್ಲಿ ಏನೇನು ಇಡಬೇಕೆಂದು ಮಕ್ಕಳನ್ನೇ ಕೇಳಲಾಗಿತ್ತು. ಬಾರ್ಬಿ ಗೊಂಬೆ, ಗೇಮ್ ಬಾಯ್ ಆಟಿಕೆ, ಸ್ಕೇಟ್‌ಬೋರ್ಡ್, ಚಾನೆಲ್ಲಿನ ಪ್ರಸಿದ್ಧ ಲೋಳೆಯ ಒಂದು ಭರಣಿ, ಒರ್ಲ್ಯಾಂಡೊದ ಟೆಲಿಫೋನ್ ಡೈರೆಕ್ಟರಿ, ಬರ್ಲಿನ್ ಗೋಡೆಯ ಒಂದು ಚೂರು ಎಲ್ಲವೂ ಅದರಲ್ಲಿ ಸೇರಿದವು. ಗೊಂಬೆಯ ಜೊತೆಗೆ ಉರುಳಿದ ಗೋಡೆಯ ಚೂರನ್ನೂ ಇಟ್ಟ ಆ ಮಕ್ಕಳ ಪಟ್ಟಿ ಎಷ್ಟು ಸೊಗಸಾಗಿದೆ! ಪೆಟ್ಟಿಗೆಯನ್ನು ತೆರೆಯಬೇಕಾದ ದಿನ 2042ರ ಏಪ್ರಿಲ್ 30. ಸರಿಯಾಗಿ ಐವತ್ತು ವರ್ಷ.

ಸ್ಟುಡಿಯೋ ಮುಚ್ಚಿದ್ದು ಪೆಟ್ಟಿಗೆ ಹೂತ ದಿನಕ್ಕೆ ಸರಿಯಾಗಿ ಹದಿಮೂರು ವರ್ಷಕ್ಕೆ. ಅದೂ ಏಪ್ರಿಲ್ 30. ಐವತ್ತು ವರ್ಷದ ಮಾತು ಕೊಟ್ಟ ಮನೆ ಅದರ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಕಾಲವಷ್ಟೇ ನಿಂತಿತು. ಆಮೇಲೆ ಪೆಟ್ಟಿಗೆಯನ್ನು ಅಗೆದು ತೆಗೆದು, ಅದೇ ಊರಿನಲ್ಲಿ ಚಾನೆಲ್ಲಿನ ಹೆಸರು ಹೊತ್ತಿದ್ದ ಹೋಟೆಲೊಂದಕ್ಕೆ ಸಾಗಿಸಿದರು. 2016ರಲ್ಲಿ ಆ ಹೋಟೆಲೂ ಚಾನೆಲ್ಲಿನ ಹೆಸರನ್ನು ಕಳಚಿತು. ಪೆಟ್ಟಿಗೆ ಮತ್ತೆ ಪ್ರಯಾಣ ಹೊರಟು, ದೇಶದ ಇನ್ನೊಂದು ತುದಿಯ ಬರ್ಬ್ಯಾಂಕಿನ ಕಾರ್ಟೂನ್ ಸ್ಟುಡಿಯೋ ಸೇರಿತು.

ಇಂಥ ಪೆಟ್ಟಿಗೆ ನಮಗೆ ಹೊಸದಲ್ಲ. 1973ರಲ್ಲಿ ಇಂದಿರಾ ಗಾಂಧಿಯವರ ಸರಕಾರ ದಿಲ್ಲಿಯ ಕೆಂಪುಕೋಟೆಯಲ್ಲಿ ಒಂದು ಕಾಲಪಾತ್ರೆಯನ್ನು ಹೂಳಿತ್ತು. ಅದು ಸಾವಿರಾರು ವರ್ಷದಾಚೆಯವರಿಗಾಗಿ ಹೂತದ್ದು. 1977ರಲ್ಲಿ ಸರಕಾರ ಬದಲಾದದ್ದೇ ತಡ, ಅದನ್ನು ಅಗೆದು ಹೊರತೆಗೆದರು. ಆ ಪಾತ್ರೆಯಲ್ಲಿದ್ದುದು ಆಳುವವರು ತಮಗಾಗಿ ಬರೆಸಿಕೊಂಡ ಚರಿತ್ರೆ. ಅದರ ಆಯುಷ್ಯ ಅಧಿಕಾರದ ಆಯುಷ್ಯವೇ ಆಗಿದ್ದರಲ್ಲಿ ಆಶ್ಚರ್ಯವಿಲ್ಲ. ಮಕ್ಕಳ ಪೆಟ್ಟಿಗೆ ಹಾಗಲ್ಲ. ಅದರಲ್ಲಿದ್ದುದು ಮಕ್ಕಳು ನಂಬಿ ಒಪ್ಪಿಸಿದ ಇಡುಗಂಟು.

ಇಡುಗಂಟು ಎಂಬ ಮಾತನ್ನು ಇಲ್ಲಿ ಯೋಚಿಸಿಯೇ ಬಳಸಿದ್ದೇನೆ. ಸಾಲಕ್ಕೂ ಇಡುಗಂಟಿಗೂ ವ್ಯತ್ಯಾಸವಿದೆ. ಸಾಲ ತೆಗೆದುಕೊಂಡವನು ಅದನ್ನು ಖರ್ಚು ಮಾಡಬಹುದು, ಅಷ್ಟೇ ಮೊತ್ತವನ್ನು ತೀರಿಸಿದರೆ ಸಾಕು. ಇಡುಗಂಟು ಇಟ್ಟುಕೊಂಡವನು ಇಟ್ಟ ವಸ್ತುವನ್ನೇ ಕಾಯಬೇಕು. ಊರು ಬಿಟ್ಟರೂ ಅದನ್ನು ಹೊತ್ತುಕೊಂಡು ಹೋಗಬೇಕು ಅಥವಾ ಇಟ್ಟವರಿಗೆ ಮರಳಿಸಬೇಕು. ಮಕ್ಕಳ ವಿಶ್ವಾಸ ಸಾಲವಲ್ಲ, ಇಡುಗಂಟು. ಏಕೆಂದರೆ ಸಾಲ ಕೊಡುವವನಿಗೆ ಷರತ್ತು ಗೊತ್ತಿರುತ್ತದೆ. ಮಗುವಿಗೆ ಯಾವ ಷರತ್ತೂ ಗೊತ್ತಿರುವುದಿಲ್ಲ. ಮಗು ಕಾಗದ ಓದುವುದಿಲ್ಲ, ಮುಖ ಓದುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಚಾನೆಲ್ಲಿನವರು ಕನಿಷ್ಠ ಒಂದು ಕೆಲಸ ಸರಿಯಾಗಿ ಮಾಡಿದ್ದಾರೆ. ಪೆಟ್ಟಿಗೆಯನ್ನು ಬಿಟ್ಟು ಹೋಗಲಿಲ್ಲ. ಎರಡು ಬಾರಿ ಮನೆ ಬದಲಾದರೂ ಜೊತೆಗೆ ಕೊಂಡೊಯ್ದರು. ಅದನ್ನು ಮೆಚ್ಚಬೇಕು. ಆದರೆ ಪೆಟ್ಟಿಗೆಗೆ ಸಿಕ್ಕ ಈ ಕಾಳಜಿ ಮಕ್ಕಳಿಗೂ ಸಿಕ್ಕಿತೇ? ಇದು ಅದಕ್ಕಿಂತ ಕಠಿಣವಾದ ಪ್ರಶ್ನೆ.

ಕಿಟಕಿಯಲ್ಲಿ ಕಾಣದ್ದು

ಒರ್ಲ್ಯಾಂಡೊದ ಸ್ಟುಡಿಯೋದ ಹಿರಿಮೆಯೆಂದರೆ ಅದರ ಗಾಜಿನ ಕಿಟಕಿಗಳು. ಏನನ್ನೂ ಮುಚ್ಚಿಟ್ಟಿಲ್ಲ, ಎಲ್ಲವನ್ನೂ ನೋಡಿ ಎಂಬಂತೆ ಅವು ಇದ್ದವು. ಆದರೆ ಯಾವ ಕಿಟಕಿಯೂ ಅದನ್ನು ಇಟ್ಟವರು ತೋರಿಸಬಯಸಿದ್ದನ್ನಷ್ಟೇ ತೋರಿಸುತ್ತದೆ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 'ಕ್ವೈಟ್ ಆನ್ ಸೆಟ್' ಎಂಬ ಸಾಕ್ಷ್ಯಚಿತ್ರ ಸರಣಿ ಪ್ರಸಾರವಾಯಿತು. ತೊಂಬತ್ತರ ದಶಕದಿಂದೀಚೆಗೆ ಇದೇ ಚಾನೆಲ್ಲಿನ ಕಾರ್ಯಕ್ರಮಗಳಲ್ಲಿ ಬಾಲನಟರಾಗಿದ್ದ ಹಲವರು ತಾವು ಅನುಭವಿಸಿದ ಅವಮಾನ, ಹಿಂಸೆಗಳನ್ನು ಅದರಲ್ಲಿ ಹೇಳಿಕೊಂಡರು. ಸಂಭಾಷಣೆ ಕಲಿಸುತ್ತಿದ್ದ ಒಬ್ಬಾತ ಬಾಲನಟನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ 2004ರಲ್ಲೇ ಕ್ಯಾಲಿಫೋರ್ನಿಯಾದ ನ್ಯಾಯಾಲಯದಿಂದ ಶಿಕ್ಷೆಗೊಳಗಾಗಿದ್ದ. ಆ ಬಾಲಕ ತಾನು ಯಾರೆಂದು ಬಹಿರಂಗವಾಗಿ ಹೇಳಲು ಇಪ್ಪತ್ತು ವರ್ಷ ಬೇಕಾಯಿತು. ಈ ಪ್ರಕರಣ ಒರ್ಲ್ಯಾಂಡೊದ್ದಲ್ಲ, ಆ ಸ್ಟುಡಿಯೋಗೆ ಇದನ್ನು ಅಂಟಿಸುವುದು ಅನ್ಯಾಯ. ಆದರೆ ಮಕ್ಕಳ ಪಕ್ಷ ನಮ್ಮದು ಎಂದು ಹೇಳಿದ ಚಾನೆಲ್ಲಿನ ಬಾಲನಟರು ತಮ್ಮ ಪಕ್ಷ ಹಿಡಿಯುವವರಿಲ್ಲದೆ ನರಳಿದರು ಎಂಬುದು ಆ ಚಾನೆಲ್ಲನ್ನು ಪ್ರೀತಿಸಿದ ಒಂದು ತಲೆಮಾರಿಗೆ ಬಿದ್ದ ಪೆಟ್ಟು.

ಮಕ್ಕಳ ದುಡಿಮೆಗೆ ಕಾನೂನು ಯಾವಾಗಲೂ ತಡವಾಗಿ ಎಚ್ಚೆತ್ತಿದೆ. ಚಾಪ್ಲಿನ್ನನ 1921ರ 'ದಿ ಕಿಡ್' ಚಿತ್ರದಲ್ಲಿ ನಟಿಸಿದ ಪುಟ್ಟ ಹುಡುಗ ಜಾಕಿ ಕೂಗನ್ ನೆನಪಿದ್ದಾನಲ್ಲವೇ? ಅವನು ಬಾಲ್ಯದಲ್ಲಿ ಅಪಾರ ಹಣ ಗಳಿಸಿದ. ದೊಡ್ಡವನಾದ ಮೇಲೆ ನೋಡಿದರೆ ತಾಯಿ ಮತ್ತು ಮಲತಂದೆ ಹೆಚ್ಚಿನ ಹಣವನ್ನೆಲ್ಲ ಖರ್ಚು ಮಾಡಿಬಿಟ್ಟಿದ್ದರು. ಅವನು 1938ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯ ಒಂದು ಭಾಗವನ್ನು ಅವರಿಗಾಗಿ ತೆಗೆದಿಡುವ ಕಾನೂನು ಬಂತು. ಅದೇ 1938ರಲ್ಲಿ ಅಮೆರಿಕದ ಕೇಂದ್ರ ಕಾರ್ಮಿಕ ಕಾನೂನು ಬಾಲಕಾರ್ಮಿಕತನವನ್ನು ನಿರ್ಬಂಧಿಸಿತು. ಆದರೆ ನಟಿಸುವ ಮಕ್ಕಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಗಿರಣಿಯಲ್ಲಿ ದುಡಿಯುವ ಮಗು ಸಮಾಜದ ಕಣ್ಣಿಗೆ ಬಿತ್ತು. ವೇದಿಕೆಯ ಮೇಲೆ ನಗುವ ಮಗು ದುಡಿಯುತ್ತಿದೆ ಎಂದು ಯಾರಿಗೂ ಅನ್ನಿಸಲಿಲ್ಲ.

ನಮ್ಮಲ್ಲೂ ಇದೇ ಕಥೆ. 2016ರಲ್ಲಿ ತಿದ್ದುಪಡಿಯಾದ ನಮ್ಮ ಬಾಲಕಾರ್ಮಿಕ ಕಾನೂನು ಮಕ್ಕಳ ದುಡಿಮೆಯನ್ನು ನಿಷೇಧಿಸುತ್ತಲೇ ಟಿ.ವಿ., ಸಿನಿಮಾಗಳಲ್ಲಿ ನಟಿಸುವ ಮಕ್ಕಳಿಗೆ ಷರತ್ತಿನ ಮೇಲೆ ಅನುಮತಿ ಕೊಟ್ಟಿದೆ. 2017ರ ನಿಯಮಗಳ ಪ್ರಕಾರ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರಬಾರದು. ಗಳಿಕೆಯ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಕನ್ನಡ ಚಾನೆಲ್ಲುಗಳಲ್ಲಿ ಮಕ್ಕಳು ಹಾಡುವುದನ್ನು, ಕುಣಿಯುವುದನ್ನು, ನಾಟಕವಾಡುವುದನ್ನು ನಾವೆಲ್ಲ ಸಂಭ್ರಮದಿಂದ ನೋಡುತ್ತೇವೆ. ತೀರ್ಪುಗಾರರ ಕಣ್ಣು ಒದ್ದೆಯಾದಾಗ ನಮ್ಮ ಕಣ್ಣೂ ಒದ್ದೆಯಾಗುತ್ತದೆ. ಆ ಮಗು ಎಷ್ಟು ಗಂಟೆಯಿಂದ ಎದ್ದಿದೆ, ನಾಳೆ ಅದಕ್ಕೆ ಶಾಲೆ ಇದೆಯೇ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಹಾಗಾದರೆ ಏನು ಬಾಕಿ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರತಿವಾದವಿದೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕಂಪೆನಿ ಎಂದರೆ ತಂದೆತಾಯಿಯಲ್ಲ. ಅದು ಸಂತೋಷ ಕೊಡುತ್ತೇನೆ ಎಂದಿತು, ಕೊಟ್ಟಿತು. 1990ರ ಉದ್ಘಾಟನೆಯ ಸಮಯದಲ್ಲಿ ಉದ್ಯಾನದ ಹಲವು ದೊಡ್ಡ ಸವಾರಿಗಳು ಕೆಟ್ಟು ನಿಂತಾಗ, ಬೇಸರಗೊಂಡ ಜನರಿಗೆ ಮತ್ತೊಮ್ಮೆ ಬರಲು ಉಚಿತ ಟಿಕೆಟ್ ಕೊಟ್ಟರು. ವ್ಯಾಪಾರಿಯ ಧರ್ಮ ಅಷ್ಟೇ. ಇನ್ನು ಮುಚ್ಚಿದ್ದಕ್ಕೆ ಅಳುವವರು ಯಾರು? 2005ರ ಮಕ್ಕಳಲ್ಲ, 1990ರ ಮಕ್ಕಳು. ಅವರು ಆಗಲೇ ದೊಡ್ಡವರಾಗಿದ್ದರು. ಅವರು ಅಳುತ್ತಿರುವುದು ಸ್ಟುಡಿಯೋಗಾಗಿ ಅಲ್ಲ, ಕಳೆದುಹೋದ ತಮ್ಮ ಬಾಲ್ಯಕ್ಕಾಗಿ. ಬಾಲ್ಯ ಮುಗಿದದ್ದಕ್ಕೆ ಯಾವ ಕಂಪೆನಿ ಹೊಣೆ?

ಈ ವಾದದಲ್ಲಿ ಸತ್ಯವಿದೆ. ಒಂದು ಜಾಗ ಶಾಶ್ವತವಾಗಿ ತೆರೆದಿರಬೇಕೆಂದು ಕೇಳುವುದು ನ್ಯಾಯವಲ್ಲ. ಮಕ್ಕಳೇ ಬರದ ಸ್ಟುಡಿಯೋವನ್ನು ದೊಡ್ಡವರ ನೆನಪಿಗಾಗಿ ನಡೆಸುವುದೂ ಮಕ್ಕಳ ಸೇವೆಯಲ್ಲ. ಆದರೆ ಉಚಿತ ಟಿಕೆಟ್ಟಿನಿಂದ ತೀರುವ ಬಾಕಿ ಯಾವುದು, ತೀರದ ಬಾಕಿ ಯಾವುದು ಎಂಬುದನ್ನು ಬೇರ್ಪಡಿಸಬೇಕು. ಟಿಕೆಟ್ಟಿನ ಹಣ ತಂದೆ ಕೊಟ್ಟದ್ದು, ಅದನ್ನು ಮರಳಿಸಬಹುದು. ವಿಶ್ವಾಸ ಮಗು ಕೊಟ್ಟದ್ದು, ಅದಕ್ಕೆ ರಸೀದಿ ಇಲ್ಲ. ರಸೀದಿ ಇಲ್ಲ ಎಂಬ ಕಾರಣಕ್ಕೇ ಅದನ್ನು ಪಡೆದವನ ಹೊಣೆ ಹೆಚ್ಚು. ದಾಖಲೆ ಕೇಳಲಾರದವನಿಗೆ ಕೊಟ್ಟ ಮಾತೇ ಮನುಷ್ಯನ ಪ್ರಾಮಾಣಿಕತೆಯ ನಿಜವಾದ ಪರೀಕ್ಷೆ.

ಆ ಹೊಣೆ ಅಸಾಧ್ಯವಾದದ್ದೇನೂ ಅಲ್ಲ. ಮೊದಲನೆಯದಾಗಿ, ಉಳಿಸಿಕೊಳ್ಳಲಾಗದ ಮಾತನ್ನು ಮಕ್ಕಳಿಗೆ ಕೊಡಬಾರದು. ಇದು ಇರುವಷ್ಟು ದಿನ ಇರುತ್ತದೆ ಎಂದು ಹೇಳಿದರೆ ಮಕ್ಕಳಿಗೆ ಅರ್ಥವಾಗದೆ ಇರುವುದಿಲ್ಲ. ಜಾತ್ರೆ ಮುಗಿಯುತ್ತದೆ ಎಂದು ಗೊತ್ತಿದ್ದೂ ಅವರು ಜಾತ್ರೆಯನ್ನು ಪ್ರೀತಿಸುತ್ತಾರೆ. ಎರಡನೆಯದಾಗಿ, ಒಪ್ಪಿಸಿದ್ದನ್ನು ಕಾಯಬೇಕು. ಪೆಟ್ಟಿಗೆಯನ್ನು ಕಾದಂತೆ ಮಕ್ಕಳ ಮುಖವನ್ನೂ, ಗಳಿಕೆಯನ್ನೂ, ಮೈಮನಸ್ಸನ್ನೂ ಕಾಯಬೇಕು. ಮೂರನೆಯದಾಗಿ, ಕಿಟಕಿಯಲ್ಲಿ ಕಾಣುವ ಮಗುವಿಗೆ ತೋರಿಸುವಷ್ಟೇ ಮಮತೆಯನ್ನು, ದೀಪ ಆರಿದ ಮೇಲೆ ಕಾಣದಿರುವ ಮಗುವಿಗೂ ತೋರಿಸಬೇಕು.

ಆದರೆ ಹೊಣೆಯೆಲ್ಲ ಕಂಪೆನಿಗಳದ್ದೆಂದು ಹೇಳಿ ಕೈತೊಳೆದುಕೊಂಡರೆ ನಾವೂ ಅದೇ ವ್ಯವಹಾರದ ಪಾಲುದಾರರಾಗುತ್ತೇವೆ. ಆ ಸ್ಟುಡಿಯೋ ಅಷ್ಟು ಪ್ರೀತಿ ಗಳಿಸಿದ್ದೇಕೆ ಎಂಬುದನ್ನು ಮತ್ತೊಮ್ಮೆ ನೆನೆಯೋಣ. 'ಗೊತ್ತಿಲ್ಲ' ಎಂದರೆ ಬೈಯದ, ಬಟ್ಟೆ ಕೊಳೆಯಾದರೆ ಗದರದ, ಮಗು ಹೇಳುವುದನ್ನು ಕೇಳಿಸಿಕೊಳ್ಳುವ ಒಂದು ಜಾಗವನ್ನು ಅದು ಮಾರಿತು. ಅದನ್ನು ಕೊಳ್ಳುವವರು ಅಷ್ಟೊಂದು ಇದ್ದರು ಎಂದರೆ ಆ ಸರಕು ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಅಷ್ಟು ಅಪರೂಪವಾಗಿತ್ತು ಎಂದರ್ಥ. ಉಚಿತವಾಗಿ ಸಿಗಬೇಕಾದದ್ದನ್ನು ನಾವು ಕೊಡದೆ ಹೋದಾಗ ಅದು ಅಂಗಡಿಯ ಸರಕಾಗುತ್ತದೆ. ಅಂಗಡಿಯ ಸರಕಾದ ಮೇಲೆ ಅಂಗಡಿ ಮುಚ್ಚುವ ದಿನ ಅದೂ ಇಲ್ಲವಾಗುತ್ತದೆ.

ಮಳೆಯಲ್ಲಿ ಕೆಸರಾಗಿ ಬಂದ ಮಗುವಿನ ಮೇಲೆ ಒಂದು ಗಳಿಗೆ ಸಿಟ್ಟು ತಡೆದುಕೊಳ್ಳಲು ಟಿಕೆಟ್ ಬೇಕಾಗಿಲ್ಲ. ಲೆಕ್ಕ ಗೊತ್ತಿಲ್ಲ ಎಂದ ಮಗುವಿನ ಜೊತೆ ನನಗೂ ಗೊತ್ತಿಲ್ಲ, ಬಾ ನೋಡೋಣ ಎಂದು ಕೂರಲು ಯಾವ ಕಂಪೆನಿಯ ಪರವಾನಗಿಯೂ ಬೇಡ. ಅಂಥ ಮನೆಯಲ್ಲಿ ಬೆಳೆದ ಮಗುವೂ ಬಣ್ಣದ ಸ್ಟುಡಿಯೋ ನೋಡಿ ಕುಣಿಯುತ್ತದೆ, ಅದು ಮುಚ್ಚಿದಾಗ ಒಂದು ದಿನ ಬೇಸರಪಡುತ್ತದೆ. ಆದರೆ ಅದರ ಜೊತೆಗೆ ತನ್ನ ಬಾಲ್ಯವೇ ಮುಚ್ಚಿಹೋಯಿತು ಎಂದು ಅದಕ್ಕೆ ಅನ್ನಿಸುವುದಿಲ್ಲ.